ಚಕ್ರ ನೆಲ ಬಿಡದಂತೆ

ಮಳೆಗಾಲ ಕಳೆದ ಮೇಲೆ ಕೊಡಚಾದ್ರಿ ಹತ್ತುವ ಜೀಪುಗಳನ್ನು ಕಟ್ಟಿನಹೊಳೆಯ ಆಚೆಗಿನ ಏರಿನಲ್ಲಿ ನೋಡಬೇಕು. 1,343 ಮೀಟರ್ ಎತ್ತರದ ಆ ಬೆಟ್ಟದ ಹಾದಿಯಲ್ಲಿ ಮಳೆನೀರು ಕೊರೆದ ಕೊರಕಲು, ಮಣ್ಣು ತೊಳೆದುಹೋಗಿ ತಲೆಯೆತ್ತಿದ ಬಂಡೆ, ಜಾರುವ ಕೆಮ್ಮಣ್ಣು ಎಲ್ಲವೂ ಇವೆ. ಒಂದು ಹಳೆಯ ಜೀಪು ಎಡಗಡೆಯ ಮುಂಚಕ್ರವನ್ನು ಬಂಡೆಯ ಮೇಲೇರಿಸಿ, ಬಲಗಡೆಯದನ್ನು ಕೊರಕಲಿಗೆ ಇಳಿಬಿಟ್ಟು, ಮೈ ಅಷ್ಟಾಗಿ ವಾಲಿಸದೆ ನಿಧಾನಕ್ಕೆ ದಾಟಿಬಿಡುತ್ತದೆ. ಅದೇ ಕಂಪನಿಯ, ಅದೇ ಎಂಜಿನ್ನಿನ ಇನ್ನೊಂದು ಜೀಪು ಅದೇ ಜಾಗದಲ್ಲಿ ಒಂದು ಚಕ್ರವನ್ನು ಗಾಳಿಯಲ್ಲಿ ಗಿರಗಿರ ತಿರುಗಿಸುತ್ತ ನಿಂತುಬಿಡುವುದೂ ಉಂಟು. ಚಾಲಕರಿಬ್ಬರೂ ಪಳಗಿದವರೇ ಆಗಿದ್ದರೆ ವ್ಯತ್ಯಾಸವನ್ನು ಚಾಸಿಯ ಕೆಳಗೆ, ಸ್ಪ್ರಿಂಗ್ ಪ್ಲೇಟುಗಳಲ್ಲಿ ಹುಡುಕಬೇಕು.

ಆಕ್ಸಲಿನ ಒಂದು ತುದಿ ಮೇಲಕ್ಕೆ ಹೋದಾಗ ಇನ್ನೊಂದು ತುದಿ ಎಷ್ಟು ಕೆಳಗಿಳಿದು ನೆಲ ಮುಟ್ಟಬಲ್ಲದು ಎಂಬುದಕ್ಕೆ ಆಫ್-ರೋಡ್ ಬಳಗದಲ್ಲಿ ಫ್ಲೆಕ್ಸ್ ಎನ್ನುತ್ತಾರೆ. ಫೋರ್ ವೀಲ್ ಹಾಕಿದೊಡನೆ ನಾಲ್ಕೂ ಚಕ್ರ ಎಳೆಯುತ್ತವೆ ಎಂದು ಹೊಸಬರು ನಂಬಿರುತ್ತಾರೆ. ಆದರೆ ಹಳೆಯ ಜೀಪಿನ ಡಿಫರೆನ್ಶಿಯಲ್ ಎಡಕ್ಕೂ ಬಲಕ್ಕೂ ಸಮನಾಗಿ ಬಲ ಹಂಚುವಂಥದ್ದು. ಗಾಳಿಯಲ್ಲಿರುವ ಚಕ್ರ ತಿರುಗಲು ಬೇಕಾಗುವ ಬಲ ತೀರಾ ಕಡಿಮೆ. ನೆಲ ಕಚ್ಚಿರುವ ಚಕ್ರಕ್ಕೆ ಸಿಗುವುದೂ ಅಷ್ಟೇ. ಮುಂದೆ ಬಲಗಡೆಯದು, ಹಿಂದೆ ಎಡಗಡೆಯದು ಹೀಗೆ ಓರೆಯಾಗಿ ಎರಡು ಚಕ್ರಗಳು ನೆಲ ಬಿಟ್ಟರೆ ಎಕ್ಸಲರೇಟರ್ ಎಷ್ಟು ತುಳಿದರೂ ಗಾಡಿ ಕದಲದು. ನಾಲ್ಕೂ ಚಕ್ರ ನೆಲದಲ್ಲೇ ಇದ್ದರೆ ಡಿಫರೆನ್ಶಿಯಲ್ ಲಾಕ್ ಇಲ್ಲದೆಯೂ ಬಹುಪಾಲು ದಾರಿ ಸಾಗುತ್ತದೆ.

1940ರ ದಶಕದ ಕೊನೆಯಲ್ಲಿ ಮಹೀಂದ್ರಾ ಕಂಪನಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದಾಗ ಅವುಗಳ ನಾಲ್ಕೂ ಮೂಲೆಯಲ್ಲಿ ಲೀಫ್ ಸ್ಪ್ರಿಂಗ್, ಅಂದರೆ ಪ್ಲೇಟುಗಳ ಸ್ಪ್ರಿಂಗ್ ಇತ್ತು. 80 ಇಂಚು ವೀಲ್‌ಬೇಸಿನ ಸಿಜೆ-3ಬಿ, ಆಮೇಲೆ ಬಂದ 91 ಇಂಚಿನ ಎಂಎಂ 540 ಎರಡಕ್ಕೂ ಅದೇ ಏರ್ಪಾಡು. 1985ರಲ್ಲಿ ಬಂದ ಮಾರುತಿ ಜಿಪ್ಸಿ ಕೊನೆಯವರೆಗೂ ಪ್ಲೇಟಿನ ಮೇಲೆಯೇ ಓಡಿತು. ಅತ್ತ ಇಂಗ್ಲೆಂಡಿನಲ್ಲಿ 1970ರಲ್ಲೇ ರೇಂಜ್ ರೋವರ್ ಗಟ್ಟಿ ಆಕ್ಸಲುಗಳಿಗೆ ಉದ್ದನೆಯ ಕಾಯಿಲ್ ಸ್ಪ್ರಿಂಗ್ ಕೊಟ್ಟು, ಕಚ್ಚಾ ದಾರಿಯಲ್ಲೂ ಡಾಂಬರು ರಸ್ತೆಯಲ್ಲೂ ಮೆತ್ತಗೆ ಓಡುವ ಗಾಡಿ ಮಾಡಬಹುದೆಂದು ತೋರಿಸಿತ್ತು. ಮಲೆನಾಡಿನ, ಕೊಡಗಿನ ತೋಟಗಳಲ್ಲಿ ಇಂದಿಗೂ ದುಡಿಯುತ್ತಿರುವ ಹಳೆಯ ಜೀಪುಗಳದ್ದು ಮಾತ್ರ ಪ್ಲೇಟಿನ ಲೋಕವೇ.

ಈ ಪ್ಲೇಟಿನ ಸ್ಪ್ರಿಂಗ್ ನೋಡಲು ಒರಟು, ಕೆಲಸ ನಾಜೂಕು. ಎರಡೂ ತುದಿಗೆ ಸುರುಳಿ ಸುತ್ತಿದ ಮೇನ್ ಪ್ಲೇಟ್, ಅದರ ಕೆಳಗೆ ಒಂದಕ್ಕಿಂತ ಒಂದು ಗಿಡ್ಡವಾದ ಪ್ಲೇಟುಗಳು, ನಡುವೆ ಎಲ್ಲವನ್ನೂ ಪೋಣಿಸಿದ ಸೆಂಟರ್ ಬೋಲ್ಟ್. ಸ್ಪ್ರಿಂಗಿನ ಒಂದು ತುದಿ ಚಾಸಿಗೆ ಸ್ಥಿರ. ಇನ್ನೊಂದು ಶ್ಯಾಕಲ್‌ನಲ್ಲಿ ತೂಗುತ್ತದೆ. ಬಾಗಿದ ಪ್ಲೇಟ್ ಭಾರಕ್ಕೆ ಚಪ್ಪಟೆಯಾಗುವಾಗ ಉದ್ದವಾಗಬೇಕಲ್ಲ, ಆ ಉದ್ದಕ್ಕೆ ಜಾಗ ಕೊಡುವುದು ಶ್ಯಾಕಲ್. ಹಾಗೆಯೇ ಪ್ಲೇಟುಗಳು ಒಂದರ ಮೇಲೊಂದು ಸರಿದಾಡಬೇಕು. ಎರಡರಲ್ಲಿ ಯಾವುದು ನಿಂತರೂ ಸ್ಪ್ರಿಂಗ್ ಬರೀ ಕಬ್ಬಿಣದ ತೊಲೆ.

ಹಳೆಯ ಜೀಪುಗಳಲ್ಲಿ ಆಗಿರುವುದು ಬಹುತೇಕ ಇದೇ. ಅನುಭವಿ ಮೆಕ್ಯಾನಿಕ್ ಮೊದಲು ಗಾಡಿಯ ಕೆಳಗೆ ಮಲಗಿ ಪ್ಲೇಟುಗಳ ಸಂದಿಗೆ ಟಾರ್ಚ್ ಬಿಡುತ್ತಾನೆ. ಸರಿದಾಡುವ ಪ್ಲೇಟಿನ ತುದಿ ಉಜ್ಜಿ ಉಜ್ಜಿ ಬೆಳ್ಳಿಯಂತೆ ಹೊಳೆಯುತ್ತಿರುತ್ತದೆ. ಕಚ್ಚಿಕೊಂಡದ್ದರ ಸಂದಿಯಲ್ಲಿ ಇಟ್ಟಿಗೆ ಬಣ್ಣದ ತುಕ್ಕಿನ ಹುಡಿ. ಶ್ಯಾಕಲ್‌ನ ಗ್ರೀಸ್ ನಿಪ್ಪಲ್‌ಗೆ ಗನ್ ಒತ್ತಿದರೆ ಹಳೆಯ ಗ್ರೀಸ್ ಆಚೆ ಬರಬೇಕು, ಬಾರದಿದ್ದರೆ ಒಳಗೆ ಪಿನ್ ಹಿಡಿದುಕೊಂಡಿದೆ ಎಂದರ್ಥ. ಕಾಫಿ ಮೂಟೆ, ಗೊಬ್ಬರ, ಹನ್ನೆರಡು ಜನ ಹೇರುವ ಗಾಡಿಗೆ ಯಾರೋ ಯಾವಾಗಲೋ ಒಂದೆರಡು ಹೆಚ್ಚುವರಿ ಪ್ಲೇಟ್ ಕೂಡಿಸಿರುವುದೂ ಅಲ್ಲೇ ಬಯಲಾಗುತ್ತದೆ.

ಹಾಗಾಗಿ ಒಳ್ಳೆಯ ಪ್ಲೇಟ್ ಕೆಲಸ ಬಿಚ್ಚುವುದರಿಂದಲೇ ಶುರು. ಸ್ಪ್ರಿಂಗ್ ಇಳಿಸಿ, ಪ್ಲೇಟುಗಳನ್ನು ಬೇರ್ಪಡಿಸಿ, ತಂತಿ ಬ್ರಷ್ಷಿನಲ್ಲಿ ತುಕ್ಕು ತೆಗೆದು, ತುದಿಗಳು ಕೆಳಗಿನ ಪ್ಲೇಟನ್ನು ಕೊರೆದು ಮಾಡಿದ ಗುಳಿಗಳನ್ನು ಗ್ರೈಂಡರ್‌ನಲ್ಲಿ ಸಮಮಾಡಿ, ಗ್ರಾಫೈಟ್ ಗ್ರೀಸ್ ಬಳಿದು ಮತ್ತೆ ಜೋಡಿಸುತ್ತಾರೆ. ಪ್ಲೇಟುಗಳನ್ನು ಹಿಡಿದಿರುವ ಕ್ಲಿಪ್ಪುಗಳು ತೀರಾ ಬಿಗಿಯಾಗಿದ್ದರೆ ಚಕ್ರ ಕೆಳಗಿಳಿಯಲು ಬಿಡವು, ತುಸು ಸಡಿಲ ಬೇಕು. ರಬ್ಬರ್ ಬುಷ್ ಇರುವ ಗಾಡಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ: ಜಾಕ್ ಇಳಿಸಿ, ಗಾಡಿಯ ಭಾರ ಚಕ್ರಗಳ ಮೇಲೆ ಬಿದ್ದ ಮೇಲೆಯೇ ಬುಷ್ಷಿನ ಬೋಲ್ಟ್ ಬಿಗಿಯಬೇಕು. ಗಾಡಿ ತೂಗುತ್ತಿರುವಾಗಲೇ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಇಷ್ಟಕ್ಕೇ ಎಷ್ಟೋ ಜೀಪುಗಳು ಕಳೆದುಕೊಂಡಿದ್ದ ಬಾಗುವಿಕೆ ಮರಳಿ ಬರುತ್ತದೆ. ಹೊಸ ಕಿಟ್‌ಗೆ ದುಡ್ಡು ಸುರಿಯುವ ಮುನ್ನ ಮಾಡಬೇಕಾದ ಕೆಲಸವೂ ಇದೇ.

ಅದರಾಚೆಗೂ ಬೇಕೆನ್ನುವವರಿಗೆ ಲೆಕ್ಕವೊಂದು ನೆರವಾಗುತ್ತದೆ. ಪ್ಲೇಟಿನ ಬಿಗಿತ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ, ಉದ್ದದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ದಪ್ಪ ಅರ್ಧವಾದರೆ ಬಿಗಿತ ಎಂಟರಲ್ಲೊಂದು ಪಾಲು. ಸ್ಪ್ರಿಂಗ್ ಶೇ 10ರಷ್ಟು ಉದ್ದವಾದರೆ ಬಿಗಿತ ಹೆಚ್ಚುಕಡಿಮೆ ಶೇ 25ರಷ್ಟು ಕಡಿಮೆ. ಆದ್ದರಿಂದಲೇ ತಿಳಿದವರು ಕೆಲವೇ ದಪ್ಪ ಪ್ಲೇಟುಗಳ ಬದಲು ಹಲವು ತೆಳು ಪ್ಲೇಟುಗಳ ಉದ್ದನೆಯ ಸ್ಪ್ರಿಂಗ್ ಕಟ್ಟಿಸುತ್ತಾರೆ. ಇರುವ ಸ್ಪ್ರಿಂಗಿನಿಂದ ಒಂದೆರಡು ಪ್ಲೇಟ್ ಕಿತ್ತೆಸೆಯುವುದು ಸುಲಭದ ದಾರಿ. ಆದರೆ ಉಳಿದವುಗಳ ಮೇಲೆ ಭಾರ ಹೆಚ್ಚಿ ಅವು ಬೇಗ ಕುಸಿಯುತ್ತವೆ, ಕಟ್ಟಾಗುತ್ತವೆ.

ಹೆಚ್ಚಿನವರ ಕಣ್ಣು ಬೀಳುವುದು ಎತ್ತರದ ಮೇಲೆ. ಉದ್ದನೆಯ ಶ್ಯಾಕಲ್ ಹಾಕಿದರೆ ಶ್ಯಾಕಲ್ ಬೆಳೆದಷ್ಟರ ಅರ್ಧ ಮಾತ್ರ ಗಾಡಿ ಏರುತ್ತದೆ; ಮುಂದೆ ಹಾಕಿದರೆ ಕ್ಯಾಸ್ಟರ್ ಕೋನ ಕೆಟ್ಟು ಸ್ಟೇರಿಂಗ್ ಅಲೆಯುತ್ತದೆ. ಆಕ್ಸಲಿನ ಕೆಳಗಿರುವ ಸ್ಪ್ರಿಂಗನ್ನು ಮೇಲಕ್ಕೆ ತಂದು ಕೂರಿಸುವುದು ಇನ್ನೊಂದು ಪದ್ಧತಿ. ಜಿಪ್ಸಿಯಲ್ಲಿ ಇದರಿಂದ ಸುಮಾರು 5 ಇಂಚು ಎತ್ತರ ಸಿಗುತ್ತದೆ, ದೊಡ್ಡ ಟಯರು ಕೂರುತ್ತದೆ. ಆದರೆ ಏರಿನಲ್ಲಿ ಬಲ ಬಿದ್ದಾಗ ಆಕ್ಸಲ್ ತಿರುಚಿಕೊಂಡು, ಮೆತ್ತನೆಯ ಪ್ಲೇಟುಗಳು ಹಾವಿನಂತೆ ಎರಡು ಕಡೆ ಬಾಗಿ, ಒಮ್ಮೆಲೇ ಚಿಮ್ಮಿ ಚಕ್ರ ಕುಪ್ಪಳಿಸುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಮುರಿಯುವುದು ಆಗಲೇ. ಅದನ್ನು ತಡೆಯಲು ಆಕ್ಸಲಿನಿಂದ ಚಾಸಿಗೆ ಟ್ರ್ಯಾಕ್ಷನ್ ಬಾರ್ ಕೊಡಬೇಕು. ಆ ಬಾರಿನ ಒಂದು ತುದಿಯೂ ಶ್ಯಾಕಲ್‌ನಲ್ಲಿ ತೂಗದಿದ್ದರೆ ಗಳಿಸಿದ ಫ್ಲೆಕ್ಸ್ ಎಲ್ಲ ಕೈಬಿಟ್ಟುಹೋಗುತ್ತದೆ.

ಶಾಕ್ ಅಬ್ಸಾರ್ಬರ್ ಕೂಡ ಎಷ್ಟೋ ಸಲ ಅಡ್ಡಗಾಲು. ಸ್ಪ್ರಿಂಗ್ ಇನ್ನೂ ಇಳಿಯಲು ಸಿದ್ಧವಿದ್ದರೂ ಗಿಡ್ಡ ಶಾಕ್ ಪೂರ್ತಿ ಚಾಚಿ ಆಕ್ಸಲನ್ನು ಹಿಡಿದು ನಿಲ್ಲಿಸುತ್ತದೆ. ಶಾಕ್ ಬಿಚ್ಚಿ, ಒಂದು ಕಡೆಯ ಚಕ್ರವನ್ನು ಎತ್ತರಕ್ಕೇರಿಸಿ ಇನ್ನೊಂದು ಕಡೆ ಎಷ್ಟು ಇಳಿಯುತ್ತದೆಂದು ಅಳೆದು, ಅದಕ್ಕೆ ಒಪ್ಪುವ ಶಾಕ್ ತರಬೇಕು. ಅತಿ ಉದ್ದದ್ದೂ ಆಗದು. ಬಂಪ್ ಸ್ಟಾಪ್ ತಾಗುವ ಮುನ್ನವೇ ಶಾಕ್ ತಳ ಕಂಡರೆ ಒಡೆಯುತ್ತದೆ.

ಈ ಸಾಮರ್ಥ್ಯವನ್ನು ಅಂಕಿಯಲ್ಲಿ ಅಳೆಯುವ ಕ್ರಮವೂ ಇದೆ. 20 ಡಿಗ್ರಿ ಇಳಿಜಾರಿನ ಹಲಗೆಯ ಮೇಲೆ ಒಂದು ಮುಂಚಕ್ರವನ್ನು ಹತ್ತಿಸುತ್ತ ಹೋಗಿ, ಬೇರೊಂದು ಚಕ್ರ ನೆಲ ಬಿಡುವ ಹೊತ್ತಿಗೆ ನಿಲ್ಲಿಸುತ್ತಾರೆ. ಹಲಗೆಯ ಮೇಲೆ ಸಾಗಿದ ದೂರವನ್ನು ವೀಲ್‌ಬೇಸಿನಿಂದ ಭಾಗಿಸಿ 1,000ದಿಂದ ಗುಣಿಸಿದರೆ ಅಂಕ ಸಿಕ್ಕಿತು. 2,375 ಮಿಲಿಮೀಟರ್ ವೀಲ್‌ಬೇಸಿನ ಜಿಪ್ಸಿ 1 ಮೀಟರ್ ಹತ್ತಿದರೆ 421. ಕೆಲಸಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಅಳೆದರೆ ಖರ್ಚು ಮಾಡಿದ ಹಣ ಎಲ್ಲಿಗೆ ಹೋಯಿತೆಂಬುದು ತಿಳಿಯುತ್ತದೆ.

ಕಾನೂನನ್ನೂ ಮರೆಯುವಂತಿಲ್ಲ. ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ನೋಂದಣಿಯ ವಿವರ ಬೇರೆಯಾಗುವಂತೆ ಗಾಡಿ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ತುಕ್ಕು ತೆಗೆದು, ಬುಷ್ ಬದಲಿಸಿ, ಮೂಲದಷ್ಟೇ ಪ್ಲೇಟ್ ಉಳಿಸುವುದು ರಿಪೇರಿ. 5 ಇಂಚು ಎತ್ತರಿಸುವ ಮಾತು ಬೇರೆ. ಕೈಹಾಕುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು.

ಸ್ಪ್ರಿಂಗಿಗೆ ಏನೇ ಮಾಡಿಸಿದರೂ ಗ್ಯಾರೇಜಿನಿಂದ ಗಾಡಿ ಹೊರತೆಗೆಯುವ ಮುಂಚೆ ನಾಲ್ಕೂ ಮೂಲೆಯನ್ನು ಒಂದೊಂದಾಗಿ ಪೂರ್ತಿ ಇಳಿಬಿಟ್ಟು ಬ್ರೇಕ್ ಹೋಸ್ ನೋಡಿ. ಅದು ಎಳೆದು ಬಿಗಿಯಾಗಿದ್ದರೆ ಉದ್ದನೆಯದನ್ನು ಹಾಕಿಸಿ. ಪ್ರೊಪೆಲ್ಲರ್ ಶಾಫ್ಟಿನ ಜಾರುವ ಜೋಡಣೆ ಇನ್ನೂ ಒಳಗೆ ಸಾಕಷ್ಟು ಕೂತಿದೆಯೇ ಎಂದು ನೋಡಿ, ಸ್ಟೇರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ಟಯರ್ ಎಲ್ಲಾದರೂ ತಾಗುತ್ತದೆಯೇ ಪರೀಕ್ಷಿಸಿ. ಈ ಮೂರೂ ಸರಿ ಇದ್ದ ಮೇಲೆಯೇ ಬೆಟ್ಟದ ಕಡೆ ಹೊರಡಿ.