ಕಳರಿಯಲ್ಲಿ ಮೊದಲ ಪಾಠ ಹೊಡೆತವಲ್ಲ

ಮಕ್ಕಳನ್ನು ಕರಾಟೆಗೋ ಕಳರಿಗೋ ಸೇರಿಸುವ ಮಾತು ಬಂದರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: "ಹೊಡೆದಾಟ ಕಲಿತರೆ ಹುಡುಗ ಇನ್ನಷ್ಟು ಪೋಕರಿಯಾಗುವುದಿಲ್ವಾ?" ಈ ಹೆದರಿಕೆಯನ್ನು ತಳ್ಳಿಹಾಕುವಂತಿಲ್ಲ. ಶಾಲೆಯ ಸಣ್ಣ ಜಗಳವೂ ಕೆಲವೊಮ್ಮೆ ಆಸ್ಪತ್ರೆಯವರೆಗೆ ಹೋಗುತ್ತದೆ. ಆದರೆ ಉತ್ತರ ಮಲಬಾರಿನ ಕಳರಿಪಯಟ್ಟು ಕಲಿಸುವ ಕ್ರಮ ನೋಡಿದರೆ ಬೇರೆಯೇ ಉತ್ತರ ಸಿಗುತ್ತದೆ.

ಸಾಂಪ್ರದಾಯಿಕ ಕಳರಿಯೆಂದರೆ ನೆಲಮಟ್ಟಕ್ಕಿಂತ ಕೆಳಗೆ ಅಗೆದ, 42 ಅಡಿ ಉದ್ದ, 21 ಅಡಿ ಅಗಲದ ಮಣ್ಣಿನ ಅಂಗಳ. ಇಲ್ಲಿ ಕಲಿಕೆಗೆ ನಾಲ್ಕು ಹಂತ. ಮೊದಲನೆಯದು ಮೆಯ್‌ತ್ತಾರಿ, ಅಂದರೆ ಮೈ ಪಳಗಿಸುವುದು. ಎಣ್ಣೆ ಹಚ್ಚಿಕೊಂಡು ಬಗ್ಗುವುದು, ಜಿಗಿಯುವುದು, ಕಾಲೆತ್ತುವುದು, ಆನೆ, ಸಿಂಹ, ಹಾವು, ನವಿಲುಗಳ ಹೆಸರಿನ ಭಂಗಿಗಳಲ್ಲಿ ನಿಲ್ಲುವುದು. ಗುರುಕ್ಕಳ್ ಬಾಯಲ್ಲಿ ಹೇಳುವ ವಾಯ್ತ್ತಾರಿಗೆ ಸರಿಯಾಗಿ ಹೆಜ್ಜೆ ಬೀಳಬೇಕು. ಕಿವಿ ಬೇರೆಡೆ ಹೋದರೆ ಹೆಜ್ಜೆ ತಪ್ಪಿತೆಂದೇ ಲೆಕ್ಕ. ಎದುರಾಳಿಯೇ ಇಲ್ಲದ ಈ ಪಾಠ ತುಂಬಾ ದಿನ ನಡೆಯುತ್ತದೆ. ಅವಸರದವರು ಇಲ್ಲೇ ಬಿಟ್ಟುಹೋಗುತ್ತಾರೆ.

ಎರಡನೆಯದು ಕೋಲ್‌ತ್ತಾರಿ, ಮರದ ಕೋಲುಗಳ ಅಭ್ಯಾಸ. ಕತ್ತಿ, ಗುರಾಣಿ ಕೈಗೆ ಬರುವುದು ಮೂರನೆಯ ಹಂತವಾದ ಅಂಗತ್ತಾರಿಯಲ್ಲಿ. ಬಳುಕುವ ಉರುಮಿಯನ್ನು ಬೀಸುವವನು ಗಮನ ತಪ್ಪಿದರೆ ಗಾಯ ಅವನಿಗೇ. ಬರಿಗೈ ಹೋರಾಟ, ವೆರುಂಕೈ, ಕೊನೆಯದು. ಮರ್ಮಸ್ಥಾನಗಳ ವಿದ್ಯೆ ನಂಬಿಕೆಗೆ ಅರ್ಹರಾದವರಿಗೆ ಮಾತ್ರ. ಹೊಡೆಯುವ ಜಾಗ ಗೊತ್ತಿದ್ದವರೇ ಉಳುಕಿಗೆ ಎಣ್ಣೆ ಹಾಕಿ ತಿಕ್ಕುವವರೂ ಆಗಿರುತ್ತಾರೆ.

ಕೋಪ ಕೆಲಸ ಮಾಡದ ಜಾಗವಿದು. ಸಿಟ್ಟಿನಲ್ಲಿ ಕೋಲು ಬೀಸಿದರೆ ಲಯ ಕೆಡುತ್ತದೆ, ಜೊತೆಗಾರನಿಗೆ ಪೆಟ್ಟಾಗುತ್ತದೆ. ಅವನ ಸುರಕ್ಷತೆ ತನ್ನ ಕೈಯಲ್ಲಿದೆ ಎಂಬ ಅರಿವು ದಿನಾ ಬೆಳೆಯುತ್ತದೆ.

ಮಲಬಾರಿನ ಮಾಪಿಳ್ಳೆ ಸಮುದಾಯಕ್ಕೂ ಈ ವಿದ್ಯೆ ಹೊಸತಲ್ಲ. ಕೋಲ್ಕಳಿಯ ಹೆಜ್ಜೆಗಳಲ್ಲಿ ಕಳರಿಯ ನೆರಳಿದೆ. ಹೆಣ್ಣುಮಕ್ಕಳಿಗೂ ಬಾಗಿಲು ಮುಚ್ಚಿಲ್ಲ. ವಡಗರದ ಮೀನಾಕ್ಷಿ ಅಮ್ಮ ಏಳನೇ ವಯಸ್ಸಿನಲ್ಲಿ ಕಲಿಯಲು ಆರಂಭಿಸಿದವರು. ಎಪ್ಪತ್ತು ದಾಟಿದ ಮೇಲೂ ಕಲಿಸುತ್ತಿದ್ದ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು.

ಹಾಗಾದರೆ ತರಗತಿ ಆರಿಸುವುದು ಹೇಗೆ? ಸೇರಿಸುವ ಮೊದಲು ಒಂದು ದಿನ ಹೋಗಿ ಕೂತು ನೋಡಿ. ಮೊದಲ ತಿಂಗಳೇ ಆಯುಧ ಕೊಟ್ಟು ವಿಡಿಯೊ ಮಾಡಿಸುವ ಕಡೆ ಎಚ್ಚರವಿರಲಿ. ಹೊರಗೆ ಜಗಳ ಮಾಡಿದ ಶಿಷ್ಯನನ್ನು ಗುರು ಏನು ಮಾಡುತ್ತಾರೆ ಎಂದು ಕೇಳಿ. ಮಗು ಅಲ್ಲಿ ಏನಾಗಿ ಬೆಳೆಯುತ್ತದೆ ಎಂಬುದು ಆ ಉತ್ತರದಲ್ಲೇ ತಿಳಿಯುತ್ತದೆ.