ಟ್ರಿನಿಡಾಡಿನಲ್ಲಿ ಮನೆ ಕಟ್ಟಿದವರು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಸ್ವಂತ ಊರಿನಲ್ಲಿ, ಬಂಧುಬಳಗದ ನಡುವೆ, ಬಡಗಿ ಗಾರೆಯವರ ಗುರುತಿರುವಲ್ಲಿಯೇ ಈ ಎರಡು ಕಾರ್ಯಗಳು ಮನುಷ್ಯನನ್ನು ಹಣ್ಣು ಮಾಡಿಬಿಡುತ್ತವೆ. ಹೀಗಿರಲು, ಸಾವಿರಾರು ಮೈಲಿ ಸಮುದ್ರ ದಾಟಿ, ಹೆಸರನ್ನೇ ಕೇಳಿರದ ದ್ವೀಪವೊಂದರಲ್ಲಿ ಇಳಿದು, ಮನೆಯನ್ನೂ ಮದುವೆಯನ್ನೂ ಹೊಸದಾಗಿ ಸಾಧಿಸಿಕೊಳ್ಳಬೇಕಾದವರ ಪಾಡು ಏನಾಗಿದ್ದೀತು? ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ದ್ವೀಪಕ್ಕೆ ಹೋಗಿ ನೆಲೆಸಿದ ಭಾರತೀಯರ ಇತಿಹಾಸ ಈ ಪ್ರಶ್ನೆಗೆ ಉತ್ತರ ಹೇಳುತ್ತದೆ. ಗಡಿಯ ಈಚೆ ಕನ್ನಡದ ಮನೆ ನಡೆಸುತ್ತಿರುವ ನಮಗೂ ಅದರಲ್ಲಿ ತಿಳಿಯತಕ್ಕ ಸಂಗತಿಗಳಿವೆ.

ಟ್ರಿನಿಡಾಡ್, ದಕ್ಷಿಣ ಅಮೆರಿಕದ ವೆನೆಜುವೇಲಾ ದೇಶದ ಕರಾವಳಿಗೆ ತೀರ ಸಮೀಪದಲ್ಲಿರುವ ದ್ವೀಪ. ಭೂಮಧ್ಯರೇಖೆಗೆ ಉತ್ತರದಲ್ಲಿ ಅದು ಇರುವಷ್ಟೇ ದೂರದಲ್ಲಿ ನಮ್ಮ ಕೇರಳದ ನಡುಭಾಗವೂ ಇದೆ. ಆದುದರಿಂದ ಅಲ್ಲಿಯೂ ತೆಂಗು, ಬಾಳೆ, ಮಾವು ಬೆಳೆಯುತ್ತವೆ. ಜೂನ್ ತಿಂಗಳಿಗೆ ಮಳೆಗಾಲ ಹಿಡಿಯುತ್ತದೆ. ಬ್ರಿಟಿಷ್ ವಸಾಹತುಗಳಲ್ಲಿ 1834ರಲ್ಲಿ ಗುಲಾಮಗಿರಿ ರದ್ದಾಗಿ, 1838ರಲ್ಲಿ ಗುಲಾಮರು ಪೂರ್ಣವಾಗಿ ಬಿಡುಗಡೆ ಹೊಂದಿದಾಗ, ಕಬ್ಬಿನ ತೋಟಗಳ ಮಾಲಿಕರು ಅಗ್ಗದ ಕೂಲಿಯಾಳುಗಳಿಗಾಗಿ ಭಾರತದ ಕಡೆ ನೋಡಿದರು. ‘ಫತೇಲ್ ರಜಾಕ್’ ಎಂಬ ಹಡಗು 1845ರ ಫೆಬ್ರವರಿ 16ರಂದು ಕಲ್ಕತ್ತೆಯನ್ನು ಬಿಟ್ಟು, ಮೂರು ತಿಂಗಳಿಗೂ ಹೆಚ್ಚು ಕಾಲ ಪಯಣಿಸಿ, ಮೇ 30ರಂದು ಪೋರ್ಟ್ ಆಫ್ ಸ್ಪೇನ್ ಬಂದರನ್ನು ಮುಟ್ಟಿತು. ಅದರಲ್ಲಿದ್ದವರು ಸುಮಾರು 225 ಜನ. 1917ರಲ್ಲಿ ಈ ಸಾಗಾಟ ನಿಲ್ಲುವವರೆಗೆ ಆ ಒಂದು ದ್ವೀಪಕ್ಕೆ ಹೋದವರ ಸಂಖ್ಯೆ ಒಂದು ಲಕ್ಷ ನಲವತ್ತು ಸಾವಿರವನ್ನು ಮೀರಿತು. ಹೆಚ್ಚಿನವರು ಇಂದಿನ ಉತ್ತರಪ್ರದೇಶ, ಬಿಹಾರಗಳ ಹಳ್ಳಿಗರು. ಮದರಾಸಿನಿಂದ ಹೊರಟ ಹಡಗುಗಳಲ್ಲಿ ದಕ್ಷಿಣದವರೂ ಇದ್ದರು.

ಹತ್ತಡಿಯ ಕೋಣೆ

ಇಳಿದವರಿಗೆ ಮನೆಯೆಂದು ದೊರೆತದ್ದು ತೋಟದ ಬ್ಯಾರಕ್. ವಯನಾಡು, ನೀಲಗಿರಿಗಳ ಓದುಗರು ತೋಟದ ‘ಲೈನ್’ಗಳನ್ನು ಕಂಡವರಾದುದರಿಂದ ಅದನ್ನು ಸುಲಭವಾಗಿ ಊಹಿಸಬಲ್ಲರು. ಒಂದೇ ಮಾಡಿನ ಕೆಳಗೆ ಉದ್ದಕ್ಕೆ ಸಾಲಾಗಿ ಕೋಣೆಗಳು. ಒಂದೊಂದು ಕೋಣೆ ಸುಮಾರು ಹತ್ತಡಿ ಚೌಕ. ನಡುವಣ ಹಲಗೆಯ ಗೋಡೆ ಮಾಡಿನವರೆಗೆ ಏರುತ್ತಿರಲಿಲ್ಲ. ಒಂದು ಕೋಣೆಯ ಮಾತು, ಮಗುವಿನ ಅಳು, ಗಂಡಹೆಂಡಿರ ಜಗಳ ಎಲ್ಲವೂ ಇಡೀ ಸಾಲಿಗೆ ಕೇಳಿಸುತ್ತಿತ್ತು. ಒಂದು ಕುಟುಂಬಕ್ಕೆ ಒಂದು ಕೋಣೆ; ಒಂಟಿ ಗಂಡಸರಾದರೆ ಹಲವರು ಸೇರಿ ಒಂದರಲ್ಲಿ ಇರಬೇಕು. ಅಡಿಗೆ ಬಾಗಿಲ ಮುಂದೆಯೇ. ಕುಡಿಯುವ ನೀರು ಶುದ್ಧವಲ್ಲ. ಚಳಿಜ್ವರ, ಕೊಕ್ಕೆಹುಳುವಿನ ಬಾಧೆ ಮನೆಮನೆಯ ಅತಿಥಿಗಳಾಗಿದ್ದವು.

ಕರಾರು ಐದು ವರ್ಷದ್ದು. ಗಟ್ಟಿಮುಟ್ಟಾದ ಆಳಿಗೆ ದಿನಕ್ಕೆ 25 ಸೆಂಟ್ ಕೂಲಿ. ಪರವಾನಗಿ ಚೀಟಿಯಿಲ್ಲದೆ ತೋಟದ ಗಡಿ ದಾಟಿದರೆ ಸೆರೆಮನೆ. ಹಡಗಿನಲ್ಲಿ ಜೊತೆಗೆ ಬಂದವರೇ ಇಂಥಲ್ಲಿ ಬಂಧುಗಳಾದರು. ಅವರನ್ನು ‘ಜಹಾಜಿ ಭಾಯಿ’, ಎಂದರೆ ಹಡಗಿನ ಅಣ್ಣತಮ್ಮ, ಎಂದು ಕರೆಯುವ ವಾಡಿಕೆ ಹುಟ್ಟಿತು. ಹುಟ್ಟಿದೂರಿನಲ್ಲಿ ಒಬ್ಬರ ಮನೆಯಲ್ಲಿ ಒಬ್ಬರು ನೀರು ಕುಡಿಯದವರು ಇಲ್ಲಿ ಒಡಹುಟ್ಟಿದವರಂತೆ ನಡೆದುಕೊಂಡರು.

ಮಣ್ಣು, ಹುಲ್ಲು, ಗರಿ

ಹತ್ತು ವರ್ಷ ಆ ದ್ವೀಪದಲ್ಲಿದ್ದವರಿಗೆ ಹಿಂತಿರುಗುವ ಹಡಗಿನ ವೆಚ್ಚವನ್ನು ಕೊಡುವ ಕಟ್ಟಳೆಯಿತ್ತು. 1869ರಿಂದ ಸರಕಾರವು ಆ ವೆಚ್ಚಕ್ಕೆ ಬದಲಾಗಿ ಭೂಮಿಯನ್ನು ಕೊಡತೊಡಗಿತು. ಮೊದಲಲ್ಲಿ ತಲೆಗೆ ಹತ್ತು ಎಕರೆ. ಈ ಏರ್ಪಾಡು ಬಹಳ ವರ್ಷ ಉಳಿಯಲಿಲ್ಲವಾದರೂ, ಮುಂದೆ ಜನ ತಮ್ಮ ಉಳಿತಾಯದಿಂದಲೇ ನೆಲವನ್ನು ಕೊಂಡರು. ಹೀಗೆ ಎದ್ದ ಹಳ್ಳಿಗಳಿಗೆ ಫೈಜಾಬಾದ್, ಬ್ಯಾರಕ್‌ಪುರ, ಗೋಲ್ಕೊಂಡ ಎಂಬ ಹೆಸರುಗಳು ಬಂದವು.

ನೆಲ ದೊರೆಯಿತು, ಮನೆಯನ್ನು ಕಟ್ಟುವುದು ಹೇಗೆ? ಆ ದ್ವೀಪದ ಮೂಲನಿವಾಸಿಗಳಲ್ಲಿ ‘ಅಜೂಪ’ ಎಂಬ ಗುಡಿಸಲಿನ ರೀತಿಯಿತ್ತು. ಮರದ ಕಂಬಗಳ ನಡುವೆ ಕಡ್ಡಿಗಳ ತಡಿಕೆ ಹೆಣೆದು, ಜೇಡಿಮಣ್ಣನ್ನು ‘ತಾಪಿಯ’ ಎಂಬ ಹುಲ್ಲಿನೊಡನೆ ಕಾಲಿನಿಂದ ತುಳಿದು ಹದಮಾಡಿ ತಡಿಕೆಗೆ ಮೆತ್ತುವುದು. ಮೇಲೆ ತಾಳೆಯ ಜಾತಿಯ ಮರವೊಂದರ ಗರಿಯನ್ನು ಹೊದಿಸುವುದು. ನಮ್ಮ ಹಳ್ಳಿಗರು ಇದನ್ನು ಬೇಗನೆ ಕಲಿತರು. ಏಕೆಂದರೆ ಮಣ್ಣು ತುಳಿಯುವುದು, ಗರಿ ಹೆಣೆಯುವುದು ಅವರಿಗೆ ಹೊಸ ವಿದ್ಯೆಯಲ್ಲ. ಅದಕ್ಕೆ ಅವರು ತಮ್ಮದೊಂದನ್ನು ಸೇರಿಸಿದರು: ನೆಲಕ್ಕೂ ಗೋಡೆಗೂ ಸೆಗಣಿಯ ಸಾರಣೆ. ಸಾರಿಸುವುದಕ್ಕೆ ಅಲ್ಲಿನವರ ಮಾತು ‘ಲೀಪೇ’. ಈ ಭೋಜಪುರಿ ಪದವನ್ನು ಅಲ್ಲಿಯ ಇಂಗ್ಲಿಷಿನಲ್ಲಿಯೂ ಆಡುತ್ತಾರೆ.

ಒಬ್ಬನ ಮನೆಗೆ ಊರೆಲ್ಲ ಬಂದು ದುಡಿಯುವ, ಮನೆಯಾತ ಅವರಿಗೆ ಊಟವಿಕ್ಕುವ ಪದ್ಧತಿಗೆ ಅಲ್ಲಿ ‘ಗಯಾಪ್’ ಎನ್ನುತ್ತಾರೆ. ಇದು ನಮ್ಮ ಮುಯ್ಯಾಳಲ್ಲದೆ ಬೇರೆಯಲ್ಲ. ಕಾಸಿಲ್ಲದವನು ಇಂದು ಬೇರೆಯವರ ಗೋಡೆಗೆ ಮಣ್ಣು ಮೆತ್ತಿದರೆ, ನಾಳೆ ತನ್ನ ಗೋಡೆಯೂ ಎದ್ದೀತು.

ಹಿತ್ತಿಲಲ್ಲಿ ಅಡಿಗೆಮನೆ. ಮಣ್ಣಿನ ಒಲೆ, ಊದುಗೊಳವೆ, ಕಾವಲಿ, ಲಟ್ಟಣಿಗೆ, ಅರೆಯುವ ಕಲ್ಲು: ಇಷ್ಟು ಸೇರಿದ ಮೇಲೆಯೇ ಅದು ಗೃಹಿಣಿಯ ಪಾಲಿಗೆ ಮನೆಯಾಯಿತು. ಕೆಸುವಿನ ಎಲೆ ಅಲ್ಲಿಯೂ ದೊರೆಯುತ್ತಿತ್ತು. ಅದನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ ‘ಭಾಜಿ’ ಮಾಡಿದರು. ತಗ್ಗಿನ ಜೌಗು ಭೂಮಿಯಲ್ಲಿ ಭತ್ತವನ್ನು ಬೆಳೆದರು. ಅಂಗಳದಲ್ಲಿ ತುಳಸಿ ಬಂತು. ಪೂಜೆ ಮುಗಿದ ಮೇಲೆ ಬಿದಿರಿನ ಗಳುವಿಗೆ ಬಣ್ಣದ ಬಾವುಟವನ್ನು ಕಟ್ಟಿ ನೆಡುವ ಪದ್ಧತಿ ಇಂದಿಗೂ ನಡೆದಿದೆ. ಕಾಲಕ್ರಮದಲ್ಲಿ ಗುಡಿಸಲು ಹೋಗಿ ಮರದ ಮನೆ, ತಗಡಿನ ಮಾಡು, ಆಮೇಲೆ ಕಾಂಕ್ರೀಟ್ ಕಂಬಗಳ ಮೇಲೆ ನಿಂತ ಮನೆಗಳು ಬಂದವು. ಕಂಬಗಳ ನಡುವಣ ನೆರಳು ಮದುವೆಯ ಚಪ್ಪರವೂ ಆಯಿತು, ಮಧ್ಯಾಹ್ನದ ಜೋಕಾಲಿಯ ತಾಣವೂ ಆಯಿತು.

ಕಾನೂನು ಕಾಣದ ಮದುವೆ

ಗಾದೆಯ ಎರಡನೆಯ ಮಾತು ಮೊದಲನೆಯದಕ್ಕಿಂತ ಕಠಿಣವಾಯಿತು. ಹಡಗು ಹತ್ತಿಸುವಾಗ ನೂರು ಗಂಡಸರಿಗೆ ನಲವತ್ತು ಹೆಂಗಸರಿರಬೇಕೆಂದು ನಿಯಮವಿತ್ತು. ಅಷ್ಟನ್ನು ತುಂಬುವುದೇ ಪ್ರಯಾಸ. ಹೆಣ್ಣುಗಳು ಕಡಿಮೆಯಾದುದರಿಂದ ಕಲಹಗಳೂ ಕೊಲೆಗಳೂ ನಡೆದವು. ಅವಕ್ಕೆ ಬಲಿಯಾದವರು ಹೆಚ್ಚಾಗಿ ಹೆಂಗಸರೇ. ಪುರೋಹಿತರು ಅಗ್ನಿಸಾಕ್ಷಿಯಾಗಿ ಮಾಡಿಸಿದ ಮದುವೆಯನ್ನು ಸರಕಾರ ಒಪ್ಪುತ್ತಿರಲಿಲ್ಲ. ಪ್ರತ್ಯೇಕವಾಗಿ ನೋಂದಾಯಿಸದಿದ್ದರೆ ಕಾನೂನಿನ ಕಣ್ಣಿಗೆ ಆ ದಂಪತಿಗಳು ದಂಪತಿಗಳಲ್ಲ. ಅವರ ಮಕ್ಕಳು ಔರಸ ಮಕ್ಕಳಲ್ಲ. ತಂದೆ ಬೆವರು ಸುರಿಸಿ ಕಟ್ಟಿದ ಮನೆ ಆತ ಉಯಿಲು ಬರೆಯದೆ ತೀರಿಕೊಂಡರೆ ಮಗನಿಗೆ ದಕ್ಕುವುದೇ ಸಂದೇಹ. ಮುಸ್ಲಿಂ ವಿವಾಹಗಳಿಗೆ 1930ರ ದಶಕದ ನಡುವಿನಲ್ಲಿ, ಹಿಂದೂ ವಿವಾಹಗಳಿಗೆ 1940ರ ದಶಕದ ನಡುವಿನಲ್ಲಿ ಮಾತ್ರ ಶಾಸನದ ಮನ್ನಣೆ ದೊರೆಯಿತು. ಮೊದಲ ಹಡಗು ಬಂದು ಆಗ ಒಂದು ಶತಮಾನವೇ ಕಳೆದಿತ್ತು!

ದೇವರ ಮನೆಗೂ ಇದೇ ಗತಿ. ಶಿವದಾಸ ಸಾಧು ಎಂಬ ತೋಟದ ಕೂಲಿಗಾರರು 1947ರಲ್ಲಿ ವಾಟರ್ಲೂ ಎಂಬ ಊರಿನ ಕಡಲತಡಿಯಲ್ಲಿ ಗುಡಿಯೊಂದನ್ನು ಕಟ್ಟತೊಡಗಿದರು. ಆ ನೆಲ ಸಕ್ಕರೆ ಕಂಪನಿಯದು. 1952ರಲ್ಲಿ ಗುಡಿಯನ್ನು ಕೆಡವಲಾಯಿತು. ಸಾಧು ಹದಿನಾಲ್ಕು ದಿನ ಸೆರೆಮನೆಯಲ್ಲಿದ್ದರು. ಹೊರಬಂದ ಅವರು, ಭೂಮಿ ಪರರದಾದರೆ ಸಮುದ್ರ ಯಾರದೂ ಅಲ್ಲವಷ್ಟೆ ಎಂದು ನಿಶ್ಚಯಿಸಿದರು. ಸೈಕಲ್ಲಿನಲ್ಲಿ ಬಕೆಟ್ಟುಗಳನ್ನಿಟ್ಟುಕೊಂಡು ಕಲ್ಲುಮಣ್ಣು ಸಾಗಿಸಿ, ಇಳಿತದ ಹೊತ್ತಿನಲ್ಲಿ ಕಡಲೊಳಗೆ ಸುರಿದು, ಹಲವಾರು ವರ್ಷ ಒಬ್ಬರೇ ದುಡಿದು, ನೀರಿನ ನಡುವೆ ಗುಡಿಯನ್ನು ಎಬ್ಬಿಸಿದರು. ಶಿಥಿಲವಾಗಿದ್ದ ಅದನ್ನು 1990ರ ದಶಕದಲ್ಲಿ ಸರಕಾರದ ನೆರವಿನಿಂದಲೇ ಮತ್ತೆ ಕಟ್ಟಲಾಯಿತು. ಮೇ 30 ಈಗ ಅಲ್ಲಿ ‘ಭಾರತೀಯರು ಬಂದಿಳಿದ ದಿನ’ವೆಂದು ಸಾರ್ವಜನಿಕ ರಜಾದಿನವಾಗಿದೆ.

ಉಳಿದದ್ದು, ಅಳಿದದ್ದು

ಮನೆಯನ್ನು ಗೆದ್ದರು, ಮದುವೆಯನ್ನು ಗೆದ್ದರು, ಗುಡಿಯನ್ನು ಗೆದ್ದರು. ಗೆಲ್ಲಲಾಗದೆ ಹೋದದ್ದು ಒಂದು: ಮಾತು.

ದಕ್ಷಿಣದವರ ತಮಿಳು, ತೆಲುಗುಗಳು ಮೊದಲು ಮರೆಯಾದವು. ಅವರು ಅಲ್ಪಸಂಖ್ಯಾತರಾದುದರಿಂದ ತೋಟದಲ್ಲಿ ಹೆಚ್ಚಿನವರ ಭೋಜಪುರಿಯನ್ನೇ ಆಡಬೇಕಾಯಿತು. ಮುಂದೆ ಆ ಭೋಜಪುರಿಯೂ ಇಂಗ್ಲಿಷಿನ ಮುಂದೆ ಸೋತಿತು. ಕೆನಡಾದಿಂದ ಬಂದ ಪಾದ್ರಿ ಜಾನ್ ಮಾರ್ಟನ್ ಅವರು 1868ರಲ್ಲಿ ಭಾರತೀಯ ಮಕ್ಕಳಿಗೆ ಪಾಠ ಹೇಳತೊಡಗಿದರು. ಅವರು ಹಿಂದಿಯನ್ನು ಕಲಿತು ಅದನ್ನೂ ಬಳಸುತ್ತಿದ್ದರು. ಆದರೆ ಪರೀಕ್ಷೆ, ಉದ್ಯೋಗ, ಕಚೇರಿ ಎಲ್ಲವೂ ಇಂಗ್ಲಿಷಿನದಾದುದರಿಂದ ಶಾಲೆಯೂ ಇಂಗ್ಲಿಷಿನ ಕಡೆಗೇ ಸಾಗಿತು. ಹಿಂದೂಗಳ ಮಹಾಸಭೆಯು ತನ್ನದೇ ಶಾಲೆಗಳನ್ನು ತೆರೆದದ್ದು 1952ರಿಂದ ಈಚೆಗೆ. ಅಷ್ಟು ಹೊತ್ತಿಗೆ ಅಜ್ಜಿ ಭೋಜಪುರಿಯಲ್ಲಿ ಕೇಳಿದರೆ ಮೊಮ್ಮಗು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಕಾಲ ಬಂದಿತ್ತು.

ಇಂದು ಆ ದ್ವೀಪದಲ್ಲಿ ಭಾರತೀಯ ಮೂಲದವರು ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು. ಅವರ ಬಾಯಲ್ಲಿ ಉಳಿದಿರುವುದು ಅಡಿಗೆಮನೆಯ ಹೆಸರುಗಳು, ಮದುವೆಯ ಹಾಡುಗಳು, ನೆಂಟಸ್ತಿಕೆಯ ಮಾತುಗಳು. ತಂದೆಯ ತಂದೆತಾಯಿಗಳನ್ನು ಇಂದಿಗೂ ‘ಆಜಾ’, ‘ಆಜಿ’ ಎನ್ನುತ್ತಾರೆ. ಹಾಡುವವರಿದ್ದಾರೆ, ಹಾಡಿನ ಅರ್ಥ ಬಲ್ಲವರು ವಿರಳವಾಗಿದ್ದಾರೆ.

ಪ್ರಿಯ ಓದುಗರೇ, ನಾವು ಹಡಗು ಹತ್ತಿದವರಲ್ಲ. ನಮ್ಮ ಮನೆ ಇದ್ದಲ್ಲಿಯೇ ಇದೆ. 1956ರಲ್ಲಿ ರಾಜ್ಯಗಳ ಗೆರೆಯನ್ನು ಎಳೆದಾಗ ನಾವು ಈಚೆ ಉಳಿದೆವು. ನಮಗೆ ಕನ್ನಡ ಶಾಲೆಗಳಿವೆ, ಪತ್ರಿಕೆಗಳಿವೆ, ಬಸ್ಸು ಹತ್ತಿದರೆ ಕನ್ನಡ ನಾಡು ಇದೆ. ಟ್ರಿನಿಡಾಡಿನ ಬಡ ಕೂಲಿಗಾರರಿಗೆ ಇವುಗಳಲ್ಲಿ ಒಂದೂ ಇರಲಿಲ್ಲ. ಅವರ ನುಡಿ ಅಳಿದುದಕ್ಕೆ ಅವರನ್ನು ದೂಷಿಸುವುದು ನ್ಯಾಯವಲ್ಲ. ಆದರೆ ಇಷ್ಟೆಲ್ಲ ಇದ್ದೂ ನಮ್ಮಲ್ಲಿ ನುಡಿ ಅಳಿದರೆ ನಾವು ಯಾರನ್ನು ದೂಷಿಸೋಣ?

ಮನೆಯಲ್ಲಿ ಕನ್ನಡವನ್ನು ಆಡುತ್ತೇವಲ್ಲ, ಅಷ್ಟು ಸಾಲದೇ ಎಂದು ಪೋಷಕರು ನನ್ನನ್ನು ಕೇಳುವುದುಂಟು. ಸಾಲದು. ಅವರೂ ಮನೆಯಲ್ಲಿ ಆಡುತ್ತಿದ್ದರು. ಆದರೆ ಓದುಬರಹ ಬೇರೆ ನುಡಿಯದಾಗಿತ್ತು. ಮಗು ಯಾವ ಮಾಧ್ಯಮದ ಶಾಲೆಗೇ ಹೋಗಲಿ, ಸಂಜೆ ಅರ್ಧ ಗಂಟೆ ಅದರ ಕೈಯಲ್ಲಿ ಕನ್ನಡದ ಪುಸ್ತಕವಿರಲಿ. ಅಜ್ಜನಿಗೆ ತಿಂಗಳಿಗೊಂದು ಕಾಗದವನ್ನು ಅದು ತಾನೇ ಬರೆಯಲಿ. ತಪ್ಪಿದ ಒತ್ತಕ್ಷರಗಳನ್ನು ಅಜ್ಜನೇ ತಿದ್ದಿ ಕಳುಹಿಸಲಿ.