ಆದೋನಿಯ ಮಸೀದಿ, ಮಂತ್ರಾಲಯದ ಮಠ: ಎರಡಕ್ಕೂ ನಂಟು ಒಬ್ಬನೇ ಖಾನ್

ತುಂಗಭದ್ರೆಯ ದಡದ ಮಂತ್ರಾಲಯಕ್ಕೆ ಕರಾವಳಿಯಿಂದಲೂ ಜನ ಹೋಗ್ತಾರೆ. ಪಕ್ಕದ ಆದೋನಿಯತ್ತ ತಿರುಗುವವರು ಮಾತ್ರ ಕಡಿಮೆ. ಈ ಎರಡೂ ಊರುಗಳನ್ನು ಬೆಸೆದವನು ಸಿದ್ದಿ ಮಸೂದ್ ಖಾನ್.

ಬಿಜಾಪುರದ ಆದಿಲ್ ಶಾಹಿಗಳ ಪರವಾಗಿ ಆದೋನಿ ಆಳಿದ ಈ ಹಬ್ಶಿ ಸರದಾರ ಅಲ್ಲಿ ಶಾಹಿ ಜಾಮಿಯಾ ಮಸೀದಿ ಕಟ್ಟಿಸಿದ. ರಾಘವೇಂದ್ರ ಸ್ವಾಮಿಗಳಿಗೆ ಮಂಚಾಲೆ ಗ್ರಾಮವನ್ನು ಕೊಟ್ಟವನೂ ಇವನೇ ಎನ್ನುತ್ತದೆ ಮಠದ ಪರಂಪರೆ. ಆ ಮಂಚಾಲೆಯೇ ಇಂದಿನ ಮಂತ್ರಾಲಯ.

1688ರಲ್ಲಿ ಔರಂಗಜೇಬನ ಸೈನ್ಯ ಆದೋನಿ ಕೋಟೆಗೆ ಮುತ್ತಿಗೆ ಹಾಕಿತು. ಫಿರಂಗಿಗಳು ಮಸೀದಿಯತ್ತ ತಿರುಗಿದಾಗ, ಅದೊಂದು ಉಳಿಯಲಿ ಎಂದು ಖಾನ್ ಕೋಟೆಯನ್ನೇ ಬಿಟ್ಟುಕೊಟ್ಟ ಎಂಬ ಪ್ರತೀತಿ ಇದೆ. ಮುತ್ತಿದವನೂ ಮುಸ್ಲಿಂ ದೊರೆ, ಶರಣಾದವನೂ ಮುಸ್ಲಿಂ ಸರದಾರ. ಹಳೆಯ ಯುದ್ಧಗಳನ್ನೆಲ್ಲ ಧರ್ಮದ ಲೆಕ್ಕದಲ್ಲೇ ಓದುವವರು ಇದನ್ನು ಯಾವ ಖಾತೆಗೆ ಬರೀತಾರೋ!

1953ರವರೆಗೆ ಆದೋನಿ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಹಾಗಾಗಿ ಪೇಟೆಯಲ್ಲಿ ಕನ್ನಡ ಮಾತಾಡುವವರು ಸಿಗ್ತಾರೆ. ಬಿಸಿಲು ಜೋರು, ಕೋಟೆಯ ಬೆಟ್ಟವನ್ನು ಬೆಳಗ್ಗೆಯೇ ಹತ್ತಿಬಿಡಬೇಕು. ಇಳಿದ ಮೇಲೆ ಮಂಡಕ್ಕಿಯ ಉಗ್ಗಾಣಿ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಮಳೆಗಾಲದಲ್ಲಿ ಹೋಗುವವರು ನದಿಗಿಳಿಯುವ ಮೊದಲು ನೀರಿನ ಮಟ್ಟ ವಿಚಾರಿಸಿಕೊಳ್ಳಲಿ. 2009ರ ಅಕ್ಟೋಬರ್‌ನಲ್ಲಿ ಮಂತ್ರಾಲಯವನ್ನೇ ಮುಳುಗಿಸಿದ ನದಿ ಅದು.